ಮನೆಯ ಶೆಡ್ಡಿನಲ್ಲಿ ಹಳೆಯ ಯೆಜ್ಡಿ ದುರಸ್ತಿ: ಬಳ್ಳಾರಿ ಸೀಮೆಯವರಿಗೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೂ ಅಲ್ಲಿ ತಯಾರಾದ ಯೆಜ್ಡಿ ಮೋಟಾರ್ ಸೈಕಲ್ಲುಗಳು ಬಳ್ಳಾರಿ, ಸಿರುಗುಪ್ಪ, ಸಂಡೂರು ಕಡೆಯ ಮನೆಗಳ ಹಿತ್ತಲಿನಲ್ಲಿ ಇಂದಿಗೂ ಕಾಣಸಿಗುತ್ತವೆ. ಕರಾವಳಿಯಲ್ಲಿ ನಿಂತ ಗಾಡಿಯನ್ನು ತುಕ್ಕು ತಿನ್ನುತ್ತದೆ. ನಮ್ಮ ಒಣ ಹವೆಯಲ್ಲಿ ಕಬ್ಬಿಣ ಬಹುಮಟ್ಟಿಗೆ ಉಳಿದುಕೊಳ್ಳುತ್ತದೆ. ಬಿಸಿಲಿಗೆ ಹಾಳಾಗುವುದು ರಬ್ಬರು, ಒಳಸೇರಿ ಕೆಡಿಸುವುದು ಧೂಳು. ಆದ್ದರಿಂದ ಇಲ್ಲಿ ಹಳೆಯ ಗಾಡಿಗೆ ಕೈಹಾಕುವವರು ಬಣ್ಣ, ಕ್ರೋಮುಗಳ ಯೋಚನೆಯನ್ನು ಬದಿಗಿಟ್ಟು ಸೀಲು, ಪೈಪು, ವೈರುಗಳಿಂದ ಕೆಲಸ ಆರಂಭಿಸುವುದು ಲೇಸು.

ಅದಕ್ಕೂ ಮೊದಲು ಕಾಗದಪತ್ರಗಳನ್ನು ನೋಡಬೇಕು. ಆರ್‌ಸಿಯಲ್ಲಿರುವ ಚಾಸಿ ಮತ್ತು ಎಂಜಿನ್ ನಂಬರುಗಳು ಗಾಡಿಯ ಮೇಲಿನ ನಂಬರುಗಳಿಗೆ ತಾಳೆಯಾಗದಿದ್ದರೆ ದುರಸ್ತಿಗೆ ಹಣ ಸುರಿಯಬಾರದು. ಮೊದಲ 15 ವರ್ಷ ಕಳೆದ ಗಾಡಿಯ ನೋಂದಣಿಯನ್ನು ಫಾರಂ 25ರ ಮೂಲಕ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಆರ್‌ಸಿ ತೀರಿಹೋದ ತಂದೆಯವರ ಅಥವಾ ಅಜ್ಜನವರ ಹೆಸರಿನಲ್ಲಿದ್ದರೆ ಫಾರಂ 31 ಸಲ್ಲಿಸಿ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬೇಕು.

ವರ್ಷಗಟ್ಟಲೆ ನಿಂತ ಎಂಜಿನ್ನನ್ನು ಬಂದ ಕೂಡಲೇ ಕಿಕ್ ಹೊಡೆಯುವುದು ತಪ್ಪು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ರಂಧ್ರದೊಳಗೆ ಸ್ವಲ್ಪ 2ಟಿ (ಟೂ ಸ್ಟ್ರೋಕ್ ಎಂಜಿನ್ನಿನ) ಆಯಿಲ್ ಹಾಕಿ ರಾತ್ರಿಯಿಡೀ ಬಿಡಬೇಕು. ಮರುದಿನ ಕಿಕ್ಕನ್ನು ಕೈಯಿಂದಲೇ ಮೆಲ್ಲಗೆ ಒತ್ತಿ ನೋಡಬೇಕು. ಪಿಸ್ಟನ್ ಕಚ್ಚಿಕೊಂಡಿದ್ದರೆ ಡೀಸೆಲ್ ಬೆರೆಸಿದ ಆಯಿಲ್ ಹಾಕಿ ಇನ್ನೂ ಕೆಲವು ದಿನ ಕಾಯಬೇಕೇ ಹೊರತು ಕಿಕ್ ಮೇಲೆ ಹತ್ತಿ ನಿಲ್ಲಬಾರದು. ಯೆಜ್ಡಿಯಲ್ಲಿ ಕಿಕ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್ ಇರುವುದರಿಂದ ಅದರ ಹಲ್ಲು ಸವೆದರೆ ನಷ್ಟವೂ ಇಮ್ಮಡಿ.

ಈ ಗಾಡಿಯ ಜೀವ ಇರುವುದು ಕ್ರ್ಯಾಂಕಿನ, ಅಂದರೆ ಪಿಸ್ಟನ್ ತಿರುಗಿಸುವ ದಂಡದ, ಎರಡು ಬದಿಯ ಆಯಿಲ್ ಸೀಲುಗಳಲ್ಲಿ. ಟೂ ಸ್ಟ್ರೋಕ್ ಎಂಜಿನ್ನಿನ ಕ್ರ್ಯಾಂಕ್ ಕೇಸು ಕುಲುಮೆಯ ತಿದಿಯಂತೆ ಪೆಟ್ರೋಲ್ ಮಿಶ್ರಿತ ಗಾಳಿಯನ್ನು ಎಳೆದು ಮೇಲಕ್ಕೆ ತಳ್ಳುತ್ತದೆ. ಅದರಲ್ಲಿ ಸಣ್ಣ ಸೋರಿಕೆಯಾದರೂ ಲೆಕ್ಕ ತಪ್ಪುತ್ತದೆ. ಬಲಗಡೆಯ, ಅಂದರೆ ಡೈನಮೋ ಬದಿಯ ಸೀಲು ಗಟ್ಟಿಯಾಗಿ ಬಿರುಕು ಬಿಟ್ಟರೆ ಹೊರಗಿನ ಗಾಳಿ ಒಳನುಗ್ಗಿ, ಪೆಟ್ರೋಲಿನ ಪಾಲು ಕಡಿಮೆಯಾಗಿ, ಎಂಜಿನ್ ಕಾದು ಪಿಸ್ಟನ್ ಜಾಮ್ ಆಗುತ್ತದೆ. ಎಡಗಡೆಯ ಕ್ಲಚ್ ಬದಿಯ ಸೀಲು ಹೋದರೆ ಗೇರ್ ಬಾಕ್ಸಿನ ಆಯಿಲ್ ಸಿಲಿಂಡರ್ ಸೇರಿ ದಟ್ಟ ಹೊಗೆ ಬರುತ್ತದೆ, ಆಯಿಲ್ ಮಟ್ಟವೂ ಇಳಿಯುತ್ತಾ ಹೋಗುತ್ತದೆ. ಇವನ್ನು ಪರೀಕ್ಷಿಸುತ್ತಾ ಕೂರದೆ ಎರಡನ್ನೂ ಬದಲಿಸಿಬಿಡುವುದು ಉತ್ತಮ. ಬೋರ್, ಅಂದರೆ ಸಿಲಿಂಡರಿನ ಒಳಮೈ, ಸವೆದಿದ್ದರೆ ಲೇತ್ ಅಂಗಡಿಯಲ್ಲಿ ಬೋರಿಂಗ್ ಮಾಡಿಸಬೇಕು, ಆದರೆ ಮೊದಲು ಓವರ್‌ಸೈಜ್ ಪಿಸ್ಟನ್ ಕೊಂಡು ಅದನ್ನು ಲೇತಿನವರ ಕೈಗಿತ್ತು ಅದರ ಅಳತೆಗೇ ಬೋರ್ ಮಾಡಿಸುವುದು ಸರಿಯಾದ ಕ್ರಮ. ಇಂದು ಸಿಗುವ ಬಿಡಿಭಾಗಗಳ ಗುಣಮಟ್ಟ ಒಂದೇ ಸಮನಾಗಿಲ್ಲ. ಹಾಗಾಗಿ ಮತ್ತೆ ಬಳಸಬಹುದಾದ ಹಳೆಯ ಮೂಲ ಭಾಗವನ್ನು, ಅಂದ ಕೆಟ್ಟಿದೆಯೆಂಬ ಕಾರಣಕ್ಕೆ ಗುಜರಿಗೆ ಹಾಕಬಾರದು.

ಟ್ಯಾಂಕಿನ ಹಳೆಯ ಪೆಟ್ರೋಲನ್ನು ಬಯಲಿನಲ್ಲಿ, ಬೆಂಕಿಯಿಂದ ದೂರವಿಟ್ಟು ಖಾಲಿ ಮಾಡಬೇಕು. ಒಳಗಿನ ತುಕ್ಕಿಗೆ ಕಿರಾಣಿ ಅಂಗಡಿಯ ನಿಂಬೆ ಉಪ್ಪನ್ನು (ಸಿಟ್ರಿಕ್ ಆಮ್ಲ) ಬಿಸಿನೀರಿನಲ್ಲಿ ಕರಗಿಸಿ ತುಂಬಿ ಒಂದು ದಿನ ಬಿಟ್ಟು, ಬಳಿಕ ಅಡುಗೆ ಸೋಡದ ನೀರಿನಿಂದ ತೊಳೆದು ಬಿಸಿಲಿಗಿಟ್ಟರೆ ಸಾಕು. ಒಣಗಿದ ಕೂಡಲೇ ಒಳಗೆ ತುಸು ಆಯಿಲ್ ಆಡಿಸದಿದ್ದರೆ ತುಕ್ಕು ಮತ್ತೆ ಹಿಡಿಯುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಹಳೆಯ ಪೈಪು, ವಾಷರುಗಳನ್ನು ಉಳಿಸಿಕೊಳ್ಳಬಾರದು. ಏರ್ ಫಿಲ್ಟರ್ ಹೊಸದೇ ಇರಲಿ, ಅದಿರಿನ ಲಾರಿಗಳು ಓಡಾಡುವ ರಸ್ತೆಯವರಂತೂ ಈ ವಿಷಯದಲ್ಲಿ ಜಿಪುಣತನ ಮಾಡಬಾರದು. ಸೈಲೆನ್ಸರಿನೊಳಗಿನ ಮಸಿಯನ್ನೂ ಕೆರೆದು ತೆಗೆಯಬೇಕು.

ವೈರಿಂಗ್ ಪೂರ್ತಿ ಹೊಸದಾಗಿ ಮಾಡಿಸುವುದೇ ಸರಿ. ಪ್ಲಗ್ಗಿಗೆ ಕಿಡಿ ಹುಟ್ಟಿಸಲು ಕರೆಂಟನ್ನು ಕಡಿಯುವ ಪಾಯಿಂಟಿನ ಅಂತರ 0.4 ಮಿ.ಮೀ., ಪ್ಲಗ್ಗಿನದು 0.6 ಮಿ.ಮೀ. ಇರಬೇಕು, ಇದನ್ನು ಕಣ್ಣಳತೆಗೆ ಬಿಡದೆ ಫೀಲರ್ ಗೇಜಿನಿಂದ (ಸಂದಿನ ಅಳತೆ ನೋಡುವ ತೆಳು ಪಟ್ಟಿಗಳು) ಅಳೆಯಬೇಕು.

ಬಣ್ಣ ಕೊನೆಯದು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಸ್ಪ್ರೇ ಮಾಡಿದರೆ ಬಣ್ಣ ಹರಡಿಕೊಳ್ಳುವ ಮೊದಲೇ ಥಿನ್ನರ್ ಆರಿ ಮೈ ತರಿತರಿಯಾಗುತ್ತದೆ. ಆಷಾಢದ ಗಾಳಿಯಲ್ಲಿ ಧೂಳು ಅಂಟುತ್ತದೆ. ಚಳಿಗಾಲದಲ್ಲಿ, ಹೊತ್ತೇರಿ ಗಾಳಿ ಇನ್ನೂ ಎದ್ದಿರದ ವೇಳೆಯಲ್ಲಿ, ನೆಲಕ್ಕೆ ನೀರು ಚಿಮುಕಿಸಿ, ಸುತ್ತ ಪ್ಲಾಸ್ಟಿಕ್ ಹಾಳೆ ಕಟ್ಟಿ ಮಾಡುವುದು ಒಳ್ಳೆಯದು.

ಹೊಸ ಬೋರಿನ ಗಾಡಿಗೆ ಲೀಟರ್ ಪೆಟ್ರೋಲಿಗೆ 40 ಮಿ.ಲೀ. 2ಟಿ ಆಯಿಲ್ ಬೆರೆಸಿ, ಮೊದಲ 500 ಕಿ.ಮೀ. ತಗ್ಗಿದ ವೇಗದಲ್ಲಿ, ಹಿಂದೆ ಯಾರನ್ನೂ ಕೂರಿಸದೆ ಓಡಿಸಬೇಕು. ಸಿರುಗುಪ್ಪ ಕಡೆಯ ಸಮತಟ್ಟು ರಸ್ತೆ ಇದಕ್ಕೆ ತಕ್ಕದ್ದು. ಸಂಡೂರಿನ ಗುಡ್ಡದ ಏರು ಸದ್ಯಕ್ಕೆ ಬೇಡ. ಮೊದಲ ಓಟ ಮುಗಿದು ಎಂಜಿನ್ ಪೂರ್ತಿ ತಣ್ಣಗಾದ ಬಳಿಕ ಸಿಲಿಂಡರ್ ಹೆಡ್ಡಿನ ನಟ್ಟುಗಳನ್ನು ಅಡ್ಡಡ್ಡ ಜೋಡಿಯಾಗಿ ಮತ್ತೊಮ್ಮೆ ಬಿಗಿದು, ಪ್ಲಗ್ ಬಿಚ್ಚಿ ನೋಡಬೇಕು: ತುದಿ ಕಂದು ಬಣ್ಣದ್ದಾಗಿದ್ದರೆ ಕಾರ್ಬೊರೇಟರ್ ಸರಿಯಾಗಿದೆ, ಬಿಳಿಚಿಕೊಂಡಿದ್ದರೆ ಎಲ್ಲೋ ಗಾಳಿ ಸೇರುತ್ತಿದೆ.