ಬರೀ ವೈನ್ ಮಾರುವ ಸಣ್ಣ ಅಂಗಡಿ ಇಡುವವರಿಗೆ

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ವೈನ್ ಬೊಟೀಕ್ ತೆರೆಯಬೇಕು ಅಂತಿದ್ದೀರಾ? ಹಾಗಾದರೆ ಮಳಿಗೆ ಹುಡುಕುವಾಗಲೇ ಕೌಂಟರಿಗೆ ಆಳನ್ನೂ ಹುಡುಕಲು ಶುರುಮಾಡಿ. ಈ ವ್ಯಾಪಾರ ನಿಲ್ಲುವುದು ಆ ಒಬ್ಬರ ಮೇಲೆ.

ಲೈಸೆನ್ಸ್ ವಿಷಯ ಬೇಗ ಹೇಳಿಬಿಡುತ್ತೇನೆ. ಬ್ರಾಂದಿ, ವಿಸ್ಕಿ ಎಲ್ಲ ಮಾರುವ ಅಂಗಡಿಗೆ ಸಿಎಲ್-2 ಅನ್ನುವ ಚಿಲ್ಲರೆ ಮಾರಾಟದ ಲೈಸೆನ್ಸ್ ಬೇಕು, ಅದು ಸುಲಭಕ್ಕೆ ಸಿಗುವಂಥದ್ದಲ್ಲ. ಸಣ್ಣ ಬಂಡವಾಳದವರಿಗೆ ಇರುವ ದಾರಿ ವೈನ್ ಬೊಟೀಕ್ ಲೈಸೆನ್ಸ್, 2007ರ ರಾಜ್ಯ ವೈನ್ ನೀತಿಯಿಂದ ಬಂದದ್ದು. ಶುಲ್ಕ, ಷರತ್ತು ಬದಲಾಗುತ್ತಿರುತ್ತವೆ, ಅಬಕಾರಿ ಕಚೇರಿಗೇ ಹೋಗಿ ಕೇಳಿ. ಹತ್ತಿರದಲ್ಲಿ ಶಾಲೆ, ದೇವಸ್ಥಾನ, ಆಸ್ಪತ್ರೆ ಇದೆಯಾ ಅಂತ ಅಳೆದು ನೋಡದೆ ಮಳಿಗೆಗೆ ಅಡ್ವಾನ್ಸ್ ಕೊಡಲೇಬೇಡಿ. ಅಬಕಾರಿ ವರ್ಷ ಜುಲೈ 1ಕ್ಕೆ ಶುರು, ಹಾಗಾಗಿ ಮೇ ತಿಂಗಳಲ್ಲಿ ಲೈಸೆನ್ಸ್ ಮಾಡಿಸಿದರೆ ಸ್ವಲ್ಪ ದಿನಕ್ಕೇ ನವೀಕರಣದ ಖರ್ಚು ಎದುರಿಗೆ ಬರುತ್ತದೆ.

ಮಳಿಗೆ ನೋಡುವಾಗ ಸಂಜೆ ನಾಲ್ಕಕ್ಕೆ ಹೋಗಿ ನೋಡಿ. ಪಶ್ಚಿಮದ ಬಿಸಿಲು ನೇರ ಒಳಗೆ ಬೀಳುತ್ತಿದ್ದರೆ ಬೇರೆ ಕಡೆ ಹುಡುಕಿ. ವೈನ್‌ಗೆ 12ರಿಂದ 15 ಡಿಗ್ರಿ ಇದ್ದರೆ ಚೆನ್ನ, ಮತ್ತೆ ಮತ್ತೆ ಏರಿಳಿಯಬಾರದು. ರಾತ್ರಿ ಎಸಿ ಆರಿಸಿ ಮನೆಗೆ ಹೋದರೆ ಏಪ್ರಿಲ್‌ನಲ್ಲಿ ಸರಕು ಕೆಡುತ್ತದೆ. ಕಾರ್ಕ್ ಇರುವ ಬಾಟಲಿ ಮಲಗಿಸಿಡಿ, ತಿರುಗಿಸುವ ಮುಚ್ಚಳದ್ದು ನಿಲ್ಲಿಸಿದರೂ ನಡೆಯುತ್ತದೆ. ಬಾಟಲಿ ಬಂದ ತಕ್ಷಣ ಕುತ್ತಿಗೆ ಮೇಲೆ ಬೆರಳಾಡಿಸಿ: ಕಾರ್ಕ್ ಉಬ್ಬಿ ಮೇಲೆದ್ದಿದ್ದರೆ, ಕವರಿನ ಕೆಳಗೆ ಅಂಟಂಟು ಜಿನುಗಿದ್ದರೆ, ದಾರಿಯಲ್ಲೇ ಬಿಸಿ ತಿಂದಿದೆ ಅಂತ ಅರ್ಥ. ಅದನ್ನು ಶೆಲ್ಫಿಗೆ ಇಡಬೇಡಿ. ಹೊಸ ಹುಡುಗ ಹುಡುಗಿಯರಿಗೆ ಮೊದಲ ದಿನವೇ ಇದನ್ನು ಕಲಿಸಿ.

ಸರಕಿನಲ್ಲಿ ದುರಾಸೆ ಬೇಡ. ನಂದಿ ಬೆಟ್ಟದ ಬುಡದ ಗ್ರೋವರ್, ಹಂಪಿ ಕಡೆಯ ಕೃಸ್ಮಾ (KRSMA), ನಾಸಿಕ್‌ನ ಸುಲಾ, ಈ ವೈನರಿಗಳ ಬಾಟಲಿ, ಆಮೇಲೆ ನಾಲ್ಕಾರು ವಿದೇಶಿ ವೈನ್, ಶುರುವಿಗೆ ಇಷ್ಟು ಸಾಕು. ಬೆಂಗಳೂರು ನೀಲಿ ದ್ರಾಕ್ಷಿಯ ಸಿಹಿ ಪೋರ್ಟ್ ವೈನ್ ಕೇಳುವವರು ಇದ್ದೇ ಇರುತ್ತಾರೆ, ಅವರನ್ನು ಕೀಳಾಗಿ ನೋಡಬೇಡಿ, ಕೆಳಗಿನ ಶೆಲ್ಫಿನಲ್ಲಿ ಅದನ್ನೂ ಇಡಿ. 375 ಎಂಎಲ್ ಬಾಟಲಿ ಜಾಸ್ತಿ ಇಟ್ಟಷ್ಟೂ ಮೊದಲ ಸಲ ಕುಡಿಯುವವರು ಧೈರ್ಯವಾಗಿ ಕೊಳ್ಳುತ್ತಾರೆ.

ಈಗ ಆಳಿನ ಮಾತು. ಸಣ್ಣ ಅಂಗಡಿಗೆ ಇಬ್ಬರು ಸಾಕು, ಒಬ್ಬರು ಸ್ಟಾಕು, ಬಿಲ್ಲು, ಅಬಕಾರಿ ಲೆಕ್ಕ ನೋಡಲಿ, ಇನ್ನೊಬ್ಬರು ಗಿರಾಕಿ ಜೊತೆ ಮಾತಾಡಲಿ. ಮಾತಾಡುವವರಿಗೆ ಸಂಬಳ ಸ್ವಲ್ಪ ಜಾಸ್ತಿಯೇ ಕೊಡಿ. ವೈನ್ ಓದಿದವರೇ ಬೇಕು ಅಂತಿಲ್ಲ. ಒಳ್ಳೆ ಹೋಟೆಲಿನಲ್ಲಿ ಬಡಿಸಿ ಅಭ್ಯಾಸ ಇರುವವರು ಬೇಗ ಕಲಿಯುತ್ತಾರೆ, ಯಾಕೆಂದರೆ ಅವರಿಗೆ ಎದುರಿನವರ ಮುಖ ನೋಡಿ ಕೇಳುವುದು ಗೊತ್ತಿರುತ್ತದೆ.

ಸಂದರ್ಶನದಲ್ಲಿ ಒಂದೇ ಪರೀಕ್ಷೆ ಇಡಿ. ನೀವೇ ಗಿರಾಕಿಯಾಗಿ, “ಭಾನುವಾರ ನೆಂಟರು ಬರ್ತಾರೆ, ಯಾವುದಾದರೂ ಒಳ್ಳೆ ವೈನ್ ಕೊಡಪ್ಪಾ” ಅನ್ನಿ. ಸೀದಾ ದುಬಾರಿ ಬಾಟಲಿಗೆ ಕೈ ಹಾಕಿದರೆ ಬೇಡ. “ಅಡುಗೆ ಏನು ಸಾರ್? ಎಷ್ಟು ಜನ?” ಅಂತ ಕೇಳಿದರೆ ಇಟ್ಟುಕೊಳ್ಳಿ. ಖಾರದ ಕೋಳಿ ಸಾರಿಗೆ ಒಗರು ಜಾಸ್ತಿ ಇರುವ ಕೆಂಪು ವೈನ್ ಕೊಟ್ಟರೆ ಬಾಯಿ ಇನ್ನಷ್ಟು ಉರಿಯುತ್ತದೆ, ತುಸು ಸಿಹಿಯಿರುವ ತಣ್ಣಗಿನ ಬಿಳಿ ವೈನ್ ಶೆನಾನ್ ಬ್ಲಾಂಕ್ ಕೊಟ್ಟರೆ ಅದೇ ಗಿರಾಕಿ ಮುಂದಿನ ವಾರವೂ ಬರುತ್ತಾರೆ. ಇಂಥದ್ದನ್ನು ಕಾಗದದಲ್ಲಿ ಬರೆದು ಕೊಟ್ಟರೆ ಸಾಲದು, ಅವರನ್ನು ಒಂದು ವೈನರಿಗೆ ಕರೆದುಕೊಂಡು ಹೋಗಿ, ಊಟದ ಜೊತೆ ರುಚಿ ನೋಡಲಿ. ಅಂಗಡಿಯೊಳಗೆ ಮಾತ್ರ ಅಬಕಾರಿ ಅನುಮತಿ ಇಲ್ಲದೆ ಸೀಸೆ ತೆರೆಯಬೇಡಿ.

ಕ್ವಾರ್ಟರ್ ಕೇಳಿಕೊಂಡು ಬರುವವರೂ ಇರುತ್ತಾರೆ, ಸುಮ್ನೆ ಗದರಬಾರದು, ಪಕ್ಕದ ಅಂಗಡಿ ತೋರಿಸಿ ಕಳಿಸಬೇಕು. 21 ತುಂಬಿಲ್ಲ ಅನ್ನಿಸಿದರೆ ಗುರುತಿನ ಚೀಟಿ ಕೇಳಲೇಬೇಕು. ಹಾಗೆ ಕೇಳಿ ಗಿರಾಕಿ ಹತ್ತಿರ ಬೈಸಿಕೊಂಡು ಬಂದ ಆಳಿನ ಪರ ನೀವು ನಿಲ್ಲಬೇಕು, ಇಲ್ಲದಿದ್ದರೆ ಎರಡನೇ ಸಲ ಅವರು ಕೇಳುವುದಿಲ್ಲ, ಕೊನೆಗೆ ಲೈಸೆನ್ಸಿಗೇ ಕುತ್ತು. ವಾರದ ರಜೆ ಸೋಮವಾರ ಅಥವಾ ಮಂಗಳವಾರ ಕೊಡಿ, ಶುಕ್ರವಾರದಿಂದ ಭಾನುವಾರದವರೆಗೆ ಇಬ್ಬರೂ ಇರಬೇಕಾಗುತ್ತದೆ. ಅಕ್ಟೋಬರ್ 2, ಚುನಾವಣೆ ಅಂತ ಅಂಗಡಿ ಮುಚ್ಚಿದ ದಿನ ಸಂಬಳ ಹಿಡಿಯಬೇಡಿ.