ಮೋಡದೊಳಗೆ ಹಾರೋ ಅಭ್ಯಾಸ ತಪ್ಪಿಹೋಗದ ಹಾಗೆ ನಾನೇನು ಮಾಡ್ತೀನಿ

ನಾನಿರೋದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ, ಹಾರಿಸೋದು ಸೆಸ್ನಾ 172 ಅನ್ನೋ ಪುಟ್ಟ ಬಾಡಿಗೆ ವಿಮಾನ, ರೀಡ್-ಹಿಲ್‌ವ್ಯೂ ಏರ್‌ಪೋರ್ಟಿಂದ. ಇಲ್ಲಿ ಬೇಸಿಗೆ ಬೆಳಗ್ಗೆ ಸಮುದ್ರದ ಕಡೆಯಿಂದ ಮೋಡ ಬಂದು ಕರಾವಳಿ ಮುಚ್ಕೊಂಡ್ಬಿಡುತ್ತೆ, ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೇನೂ ಕಾಣದಿದ್ರೂ ಮೀಟರ್ ನೋಡ್ಕೊಂಡೇ ಹಾರೋ ಅನುಮತಿ) ಇಲ್ದಿದ್ರೆ ಮಾಂಟೆರೆ, ಸಲಿನಾಸ್ ಕಡೆ ಹೋಗೋಕೆ ಮೋಡ ಕರಗೋ ತನಕ ಕಾಯ್ಬೇಕು. ಅಮೆರಿಕದ ರೂಲ್ ಪ್ರಕಾರ ಹಿಂದಿನ 6 ತಿಂಗಳಲ್ಲಿ 6 ಅಪ್ರೋಚ್ (ಮೀಟರ್ ನೋಡ್ಕೊಂಡು ರನ್‌ವೇ ಕಡೆ ಇಳಿಯೋದು), ಜೊತೆಗೆ ಹೋಲ್ಡಿಂಗ್ (ಒಂದೇ ಜಾಗದಲ್ಲಿ ಸುತ್ತು ಹಾಕ್ತಾ ಕಾಯೋದು), ಕೋರ್ಸ್ (ಗೊತ್ತುಮಾಡಿದ ದಾರಿ) ಹಿಡಿದು ಅದರ ಮೇಲೇ ಹೋಗೋದು, ಇಷ್ಟು ಮಾಡಿದ್ರೆ ನೀವು ಕರೆಂಟ್, ಅಂದ್ರೆ ಮೋಡದೊಳಗೆ ಹಾರೋ ಅರ್ಹತೆ ಚಾಲ್ತಿಯಲ್ಲಿದೆ.

ನಾನು ಆ ಆರನ್ನೂ ಫೆಬ್ರವರೀಲಿ ಒಂದೇ ಭಾನುವಾರ ಮುಗಿಸಿ ನಿಶ್ಚಿಂತೆಯಾಗಿದ್ದೆ. ಜುಲೈಲಿ ಸಲಿನಾಸ್ ರನ್‌ವೇ 31ರ ಐಎಲ್‌ಎಸ್‌ಗೆ (ರೇಡಿಯೋ ಸಿಗ್ನಲ್ ಹಿಡಿದು ಇಳಿಯೋ ಅಪ್ರೋಚ್) ಹೋಗ್ತಾ ಮೋಡದೊಳಗಿದ್ದಾಗ ಕಂಟ್ರೋಲರ್ ಹೊಸ ಹೆಡಿಂಗ್ (ಹೋಗ್ಬೇಕಾದ ದಿಕ್ಕು) ಕೊಟ್ರು, ನಾನು ಜಿಪಿಎಸ್‌ನಲ್ಲಿ ಏನೋ ಬದಲಾಯಿಸೋಕೆ ತಲೆ ಬಗ್ಗಿಸ್ದೆ, ಹತ್ತು ಸೆಕೆಂಡ್ ಇರ್ಬೇಕು ಅಷ್ಟೆ, ತಲೆ ಎತ್ತಿ ನೋಡಿದ್ರೆ ವಿಮಾನ ಬಲಕ್ಕೆ 25 ಡಿಗ್ರಿ ವಾಲಿದೆ, ಮೈಗೆ ಮಾತ್ರ ಸೀದಾ ಕೂತಿದೀನಿ ಅಂತಾನೇ ಅನಿಸ್ತಿತ್ತು. ಒಳಕಿವಿ ಹಾಗೇ, ನಿಧಾನಕ್ಕೆ ಶುರುವಾದ ತಿರುವು ಅದಕ್ಕೆ ಗೊತ್ತೇ ಆಗಲ್ಲ. ರೆಕ್ಕೆ ಸಮ ಮಾಡಿ, ಕಂಟ್ರೋಲರ್ ಹತ್ರ ಇನ್ನೊಂದ್ಸಲ ವೆಕ್ಟರ್, ಅಂದ್ರೆ ಹೋಗೋ ದಿಕ್ಕು, ಕೇಳಿ ಇಳಿದೆ. ಇಳಿದ ಮೇಲೂ ಕೈ ನಡುಗ್ತಿತ್ತು.

ಅಪ್ರೋಚ್ ಮಾಡೋದು ಮರೆತಿರ್ಲಿಲ್ಲ, ತಪ್ಪಿದ್ದು ಸ್ಕ್ಯಾನು. ಕಣ್ಣು ಆಟಿಟ್ಯೂಡ್ ಇಂಡಿಕೇಟರಿಂದ (ವಿಮಾನ ಎಷ್ಟು ವಾಲಿದೆ, ಮೂಗು ಮೇಲೋ ಕೆಳಗೋ ಅಂತ ತೋರಿಸೋ ಮೀಟರ್) ಹೆಡಿಂಗ್‌ಗೆ, ವಾಪಸ್ಸು, ಎತ್ತರ ತೋರಿಸೋ ಆಲ್ಟಿಮೀಟರ್‌ಗೆ, ವಾಪಸ್ಸು, ಎಲ್ಲೂ ನಿಲ್ಲದೆ ಓಡಾಡ್ತಾನೇ ಇರ್ಬೇಕು. ಎಲ್ಲಕ್ಕಿಂತ ಮೊದ್ಲು ತುಕ್ಕು ಹಿಡಿಯೋದು ಅದೇ.

ಈಗ ಮೂರು ವಾರಕ್ಕೊಂದ್ಸಲ ಹೋಗ್ತೀನಿ. ಲೈಸೆನ್ಸ್ ಇರೋ ಗೆಳೆಯನೊಬ್ಬ ಸೇಫ್ಟಿ ಪೈಲಟ್ ಆಗಿ ಪಕ್ಕದಲ್ಲಿ ಕೂತು ಹೊರಗೆ ನೋಡ್ಕೋತಾನೆ, ನಾನು ಫಾಗಲ್ಸ್ ಹಾಕ್ಕೋತೀನಿ, ಅಂದ್ರೆ ಮೇಲ್ಭಾಗ ಮಸುಕಾಗಿದ್ದು ಪ್ಯಾನಲ್ ಮಾತ್ರ ಕಾಣೋ ಕನ್ನಡಕ. ಲಿವರ್‌ಮೋರ್‌ನಲ್ಲೊಂದು, ಸ್ಟಾಕ್ಟನ್‌ನಲ್ಲೊಂದು, ಎರಡೇ ಅಪ್ರೋಚ್ ಸಾಕು, ಆದ್ರೆ ಆಟೋಪೈಲಟ್ ಇಲ್ದೆ. ಅವನು ಬೇಕಂತ್ಲೇ ಮಧ್ಯದಲ್ಲಿ ಹೆಡಿಂಗ್ ಬದಲಾಯಿಸ್ತಾನೆ, ಫ್ರೀಕ್ವೆನ್ಸಿ ಕೊಡ್ತಾನೆ. ನಾನು ಒಂದು ಬಟನ್ ಒತ್ತಿ ಕಣ್ಣು ಮೇಲೆ, ಇನ್ನೊಂದು ಒತ್ತಿ ಮತ್ತೆ ಮೇಲೆ. ಸ್ವಲ್ಪ ತಡ ಆದ್ರೂ "ಲೋ, ಕಣ್ಣೆಲ್ಲಿದೆಯೋ" ಅಂತಾನೆ. ಇದ್ದಕ್ಕಿದ್ದ ಹಾಗೆ ಆಟಿಟ್ಯೂಡ್ ಇಂಡಿಕೇಟರ್ ಮೇಲೆ ಚೀಟಿ ಅಂಟಿಸ್ತಾನೆ, ಆಗ ಟರ್ನ್ ಕೋಆರ್ಡಿನೇಟರ್ (ಎಷ್ಟು ಬೇಗ ತಿರುಗ್ತಿದೀವಿ ಅಂತ ತೋರಿಸೋ ಮೀಟರ್) ನೋಡ್ಕೊಂಡು ಸೆಕೆಂಡಿಗೆ 3 ಡಿಗ್ರಿ ಲೆಕ್ಕದಲ್ಲಿ ತಿರುಗ್ಬೇಕು, 90 ಡಿಗ್ರಿಗೆ 30 ಸೆಕೆಂಡ್. ಮಿಸ್ಡ್ ಅಪ್ರೋಚನ್ನ, ಅಂದ್ರೆ ಇಳಿಯೋಕಾಗದೆ ಮತ್ತೆ ಮೇಲೇರೋದನ್ನ, ಅರ್ಧಕ್ಕೆ ಬಿಡಲ್ಲ, ಹೋಲ್ಡ್ ತನಕ ಹೋಗೇ ಹೋಗ್ತೀವಿ, ಯಾಕಂದ್ರೆ ನಿಜವಾಗಿ ಬೇಕಾದಾಗ ಅದು ನೆಲಕ್ಕೆ ಹತ್ರದಲ್ಲೇ ಶುರುವಾಗೋದು.

ಮನೇಲಿ ಕಂಪ್ಯೂಟರ್ ಸಿಮ್ಯುಲೇಟರಲ್ಲೂ ಮಾಡ್ತೀನಿ, ಅದು ಎಫ್‌ಎಎ (ಅಮೆರಿಕದ ವಿಮಾನಯಾನ ಇಲಾಖೆ) ಒಪ್ಪಿದ ಯಂತ್ರ ಅಲ್ಲ, ಲಾಗ್‌ಗೆ ಲೆಕ್ಕ ಇಲ್ಲ. ಆದ್ರೂ 90 ನಾಟ್ ವೇಗದಲ್ಲಿ ನಿಮಿಷಕ್ಕೆ 450 ಅಡಿ ಇಳಿಯೋಕೆ ಎಷ್ಟು ಪವರ್ ಅನ್ನೋಂಥದ್ದು ತಲೇಲಿ ಕೂರುತ್ತೆ.

ಪ್ರತಿ ಹಾರಾಟದ ಕೆಟ್ಟ ತಪ್ಪನ್ನ ಲಾಗ್‌ಬುಕ್ಕಲ್ಲಿ ಬರೀತೀನಿ, ಮುಂದಿನ ಸಲ ಅದರಿಂದಾನೇ ಶುರು. ಹೋದ ಸಲದ್ದು: "ಹೋಲ್ಡಲ್ಲಿ ಗಾಳಿಗೆ ತಿದ್ದಲಿಲ್ಲ." ಶನಿವಾರ ಮೊದ್ಲು ಅದೇ.