ಕೋಹ್ಲರ್ ಕೆ301: ಕ್ಯಾಮ್ ಬಿಚ್ಚದೆ ಸ್ಟಾರ್ಟಿಂಗ್ ಸರಿ ಮಾಡಿದ್ದು

ಹಳೇ ಗಾರ್ಡನ್ ಟ್ರ್ಯಾಕ್ಟರ್ ಇಟ್ಟುಕೊಂಡವರಿಗೆ ಕೋಹ್ಲರ್ ಕೆ301 ಎಂಜಿನ್ ಹೊಸದೇನಲ್ಲ. 12 ಎಚ್‌ಪಿ, ಒಂಟಿ ಸಿಲಿಂಡರ್, ಬೀಡುಕಬ್ಬಿಣದ ಬ್ಲಾಕ್. ನನ್ನದಕ್ಕೆ ಒಂದೇ ರೋಗ. ಕೀ ತಿರುಗಿಸಿದರೆ ಅರ್ಧ ಸುತ್ತು ಬಂದು ಕಂಪ್ರೆಷನ್ (ಪಿಸ್ಟನ್ ಮೇಲೇರಿ ಒಳಗಿನ ಗಾಳಿ ಒತ್ತುವ ಹಂತ) ಹತ್ತಿರ ನಿಂತುಬಿಡುತ್ತಿತ್ತು. ಎಂಜಿನ್ ತಿರುಗಿಸುವ, ಬ್ಯಾಟರಿ ಚಾರ್ಜ್ ಮಾಡುವ ಎರಡೂ ಕೆಲಸದ ಸ್ಟಾರ್ಟರ್-ಜನರೇಟರ್ ಬೆಲ್ಟ್ ಕಿರ್ರೆಂದು ಜಾರುತ್ತಿತ್ತು. ಆಗಾಗ ಹಿಂದಕ್ಕೆ ಒದೆಯುತ್ತಿತ್ತು.

ಎಲ್ಲರೂ ಮಾಡುವ ಹಾಗೆ ಮೊದಲು ದುಡ್ಡು ಸುರಿದಿದ್ದು ಕರೆಂಟಿನ ಕಡೆಗೆ. ದೊಡ್ಡ ಬ್ಯಾಟರಿ ಬಂತು. ದಪ್ಪ ಕೇಬಲ್ ಬಂತು. ಸ್ಟಾರ್ಟರ್-ಜನರೇಟರ್ ಬಿಚ್ಚಿಸಿ ಬ್ರಷ್, ಬೇರಿಂಗ್ ಹೊಸದು ಹಾಕಿಸಿದೆ. ಒಂದು ವಾರ ಪರವಾಗಿಲ್ಲ ಅನ್ನಿಸಿತು, ಆಮೇಲೆ ಮತ್ತದೇ ಹಾಡು. ಅಷ್ಟು ಹೊತ್ತಿಗೆ ಟ್ರ್ಯಾಕ್ಟರ್ ಕೊಂಡ ಬೆಲೆಯ ಅರ್ಧದಷ್ಟು ಖರ್ಚಾಗಿತ್ತು.

ಪಳಗಿದ ಮೆಕ್ಯಾನಿಕ್ ಒಬ್ಬರು ನೋಡಿ, "ಎಸಿಆರ್ ಹೋಗಿದೆ, ಕ್ಯಾಮ್ ಶಾಫ್ಟ್ ಬದಲಾಯಿಸ್ಲೇಬೇಕು" ಅಂದರು. ಕ್ಯಾಮ್ ಶಾಫ್ಟ್ ಅಂದರೆ ವಾಲ್ವ್‌ಗಳನ್ನು ಎತ್ತುವ ಶಾಫ್ಟ್; ಎಸಿಆರ್ ಅಂದರೆ ಸ್ಟಾರ್ಟ್ ಮಾಡುವಾಗ ಎಕ್ಸಾಸ್ಟ್ ವಾಲ್ವ್ ಚೂರು ಎತ್ತಿ ಕಂಪ್ರೆಷನ್ ಇಳಿಸಲು ಅದರಲ್ಲೇ ಇರುವ ಏರ್ಪಾಡು. ಗೆಳೆಯರೂ ಅದಕ್ಕೇ ತಲೆಯಾಡಿಸಿದರು. ಈ ಎಂಜಿನ್‌ನಲ್ಲಿ ಕ್ಯಾಮ್ ಹೊರಬರಬೇಕಾದರೆ ಫ್ಲೈವೀಲ್, ಪಿಸ್ಟನ್, ಕ್ರ್ಯಾಂಕ್ ಎಲ್ಲಾ ಬಿಚ್ಚಬೇಕು. "ಅಷ್ಟು ಖರ್ಚು ಮಾಡೋ ಬದಲು ಹೊಸ ಎಂಜಿನ್ ಕೂರಿಸು" ಅನ್ನುವವರೂ ಇದ್ದರು.

ನನಗೆ ಮನಸ್ಸು ಒಪ್ಪಲಿಲ್ಲ. ಎಂಜಿನ್ ಕೆಳಗಿಳಿಸದೆ ಕಾರ್ಬುರೇಟರ್, ಬ್ರೀದರ್ ತೆಗೆದು ವಾಲ್ವ್ ಕಾಣುವ ಹಾಗೆ ಮಾಡಿಕೊಂಡೆ. ಪ್ಲಗ್ ತೆಗೆದು ಫ್ಲೈವೀಲನ್ನು ಕೈಯಲ್ಲಿ ನಿಧಾನ ತಿರುಗಿಸಿದೆ. ಇನ್‌ಟೇಕ್ ವಾಲ್ವ್ ಮುಚ್ಚಿ ಪಿಸ್ಟನ್ ಮೇಲೇರುವಾಗ ಎಕ್ಸಾಸ್ಟ್ ವಾಲ್ವ್ ಒಂದು ಚೂರು ಏಳಬೇಕು, ಅಲ್ವಾ? ಏಳಲಿಲ್ಲ. ಆದರೆ ಅದರ ಕೆಳಗಿನ ಟ್ಯಾಪೆಟ್ (ಕ್ಯಾಮ್ ಮೇಲೆ ಕೂತು ವಾಲ್ವನ್ನು ತಳ್ಳುವ ಭಾಗ) ಎದ್ದಿತು! ಟಾರ್ಚ್ ಬಿಟ್ಟು ನೋಡುತ್ತಲೇ ಇದ್ದೆ. ಟ್ಯಾಪೆಟ್ ಮೇಲೆ ಬಂತು, ವಾಲ್ವ್ ಕಾಲಿಗೆ ತಾಗದೆಯೇ ಕೆಳಗಿಳಿಯಿತು. ಅಂದರೆ ಕ್ಯಾಮ್ ತನ್ನ ಕೆಲಸ ಮಾಡುತ್ತಲೇ ಇತ್ತು. ನಡುವಿನ ಗ್ಯಾಪ್ ಆ ಕೆಲಸವನ್ನೆಲ್ಲಾ ನುಂಗುತ್ತಿತ್ತು.

ಸಂದು ಅಳೆಯುವ ಫೀಲರ್ ಗೇಜ್ ಇಟ್ಟರೆ ಹತ್ತಿರ ಹತ್ತಿರ 0.040 ಇಂಚು. ಬೇಕಾಗಿದ್ದು 0.017ರಿಂದ 0.020. ಹಿಂದೆ ಯಾರೋ ವಾಲ್ವ್ ಕೆಲಸ ಮಾಡಿ ಟ್ಯಾಪೆಟ್ ಹೊಂದಿಸದೆ ಬಿಟ್ಟಿದ್ದಾರೆ ಅಂತ ನನ್ನ ಲೆಕ್ಕ. ಎಂಜಿನ್ ತಣ್ಣಗಿರುವಾಗ, ಕಂಪ್ರೆಷನ್ ಮೇಲೆ ಫ್ಲೈವೀಲಿನ ಟಿ ಗುರುತಿಗೆ (ಪಿಸ್ಟನ್ ತುತ್ತತುದಿಗೆ ಬರುವ ಜಾಗ) ತಂದು 0.018ಕ್ಕೆ ಕೂರಿಸಿದೆ. ಇನ್‌ಟೇಕ್ 0.009. ಮೂರು ತೆಳು ಸ್ಪ್ಯಾನರ್ ಬೇಕು, ಕೈ ಆಡಲು ಜಾಗ ಕಮ್ಮಿ. ಲಾಕ್ ನಟ್ ಬಿಗಿಯುವಾಗ ಗ್ಯಾಪ್ ಕದಲದ ಹಾಗೆ ಹಿಡಿಯಲು ನನ್ನದೇ ಒಂದು ಉಪಾಯ ಇದೆ, ಅದು ನನ್ನ ಹತ್ತಿರವೇ ಇರಲಿ.

ಇದಕ್ಕೂ ಮುಂಚೆ ಒಂದು ಪ್ರಯೋಗ ಮಾಡಿದ್ದೆ. ಕಂಪ್ರೆಷನ್ ಇಳಿಸೋಣ ಅಂತ ಎರಡು ಹೆಡ್ ಗ್ಯಾಸ್ಕೆಟ್ ಒಂದರ ಮೇಲೊಂದು ಹಾಕಿ ನೋಡಿದೆ. ಸ್ಟಾರ್ಟಿಂಗ್ ಸ್ವಲ್ಪ ಹಗುರಾಯಿತು, ಎಳೆತ ಹೋಯಿತು, ಕೆಲವೇ ದಿನಕ್ಕೆ ಅಂಚಿನಲ್ಲಿ ಗ್ಯಾಸ್ ಸೋರತೊಡಗಿತು. ಆ ದಾರಿ ಬೇಡ. ಹೆಡ್ ಬಿಚ್ಚಿದ್ದಕ್ಕೆ ಒಂದು ಲಾಭ ಆಯಿತು: ಒಳಗೆ ಕಟ್ಟಿದ್ದ ಕಾರ್ಬನ್ ಪದರ ಕೆರೆದು ತೆಗೆದೆ. ದಪ್ಪ ಗಾಜಿನ ಮೇಲೆ ಎಮರಿ ಪೇಪರ್ ಹಾಸಿ ಹೆಡ್ ಉಜ್ಜಿ ಮಟ್ಟ ಮಾಡಿದೆ. ಬೋಲ್ಟ್ 25ರಿಂದ 30 ಫುಟ್-ಪೌಂಡ್, ಒಂದೇ ಸಲಕ್ಕಲ್ಲ, ಹಂತ ಹಂತವಾಗಿ.

ಹಿಂದಕ್ಕೆ ಒದೆಯುವುದು ಮಾತ್ರ ವಾಲ್ವ್ ಸರಿಹೋದ ಮೇಲೂ ಪೂರ್ತಿ ನಿಲ್ಲಲಿಲ್ಲ. ಅದು ಪಾಯಿಂಟ್ಸ್, ಅಂದರೆ ಪ್ಲಗ್ಗಿನ ಕಿಡಿ ಯಾವಾಗ ಹಾರಬೇಕೆಂದು ನಿರ್ಧರಿಸುವ ಸ್ವಿಚ್ಚಿನ ತಕರಾರು. ಬರೀ 0.020 ಗ್ಯಾಪ್ ಇಟ್ಟು ಬಿಡುವವರೇ ಜಾಸ್ತಿ. ನಾನು ಪಾಯಿಂಟ್ಸ್‌ಗೆ ಸಣ್ಣ 12 ವೋಲ್ಟ್ ಬಲ್ಬ್ ಕಟ್ಟಿ, ಇಗ್ನಿಷನ್ ಆನ್ ಮಾಡಿ ಫ್ಲೈವೀಲ್ ತಿರುಗಿಸಿದೆ. ಪಾಯಿಂಟ್ಸ್ ಬಿಟ್ಟ ಕ್ಷಣಕ್ಕೆ ಬಲ್ಬ್ ಹೊತ್ತಬೇಕು, ಆಗ ಫ್ಲೈವೀಲಿನ ಎಸ್ ಗುರುತು ನೋಡುವ ಕಿಂಡಿಯ ನಡುವೆ ಇರಬೇಕು. ಅದು ಪಿಸ್ಟನ್ ತುತ್ತತುದಿ ಮುಟ್ಟುವುದಕ್ಕೆ 20 ಡಿಗ್ರಿ ಮುಂಚೆ. ನನ್ನದರಲ್ಲಿ ಗುರುತು ಬರುವ ಎಷ್ಟೋ ಮೊದಲೇ ಬಲ್ಬ್ ಹೊತ್ತುತ್ತಿತ್ತು. ಸರಿಯಾದ ಮೇಲೆ ಗ್ಯಾಪ್ ಅಳೆದರೆ 0.018 ಬಂತು.

ಈ ಸಲ ಆದ ಖರ್ಚು? ಒಂದು ಹೆಡ್ ಗ್ಯಾಸ್ಕೆಟ್, ಒಂದು ಬ್ರೀದರ್ ಗ್ಯಾಸ್ಕೆಟ್, ಎಮರಿ ಪೇಪರ್. ಸ್ಟಾರ್ಟರ್‌ಗೆ ಸುರಿದಿದ್ದರ ಇಪ್ಪತ್ತನೇ ಒಂದು ಪಾಲೂ ಇಲ್ಲ. ಈಗ ಕೀ ಮುಟ್ಟಿದರೆ ಸರ್ರನೆ ತಿರುಗುತ್ತದೆ. ದೊಡ್ಡ ಬ್ಯಾಟರಿ ತೆಗೆದು ಹಳೇ ಸಣ್ಣದನ್ನೇ ಹಾಕಿದ್ದೇನೆ. ಕ್ಯಾಮ್ ಬದಲಾಯಿಸು ಅಂದವರನ್ನು ಕರೆದು ಅವರ ಕೈಯಲ್ಲೇ ಸ್ಟಾರ್ಟ್ ಮಾಡಿಸಿದೆ.

"ಕಂಪ್ರೆಷನ್ನೇ ಸತ್ತಿದೆ, ಅದಕ್ಕೇ ಹಗುರ" ಅಂತ ಅವರಲ್ಲೊಬ್ಬರು ರಾಗ ಎಳೆದರು. ಎಸಿಆರ್ ಇರುವ ಎಂಜಿನ್‌ಗೆ ಕಂಪ್ರೆಷನ್ ಗೇಜ್ ಹಾಕಿದರೆ ಸರಿಯಾದ ಲೆಕ್ಕ ಸಿಗುವುದಿಲ್ಲ. ಹೊದಿಕೆ ತೆಗೆದು ಫ್ಲೈವೀಲನ್ನು ಉಲ್ಟಾ ದಿಕ್ಕಿಗೆ ಜೋರಾಗಿ ತಿರುಗಿಸಿ ಅಂದೆ. ತಿರುಗಿಸಿದರು. ಥಟ್ಟನೆ ಪುಟಿದು ವಾಪಸ್ ಬಂತು. ಅಂದರೆ ಕಂಪ್ರೆಷನ್ ಇದೆ; ರಿಂಗ್, ವಾಲ್ವ್ ಎರಡೂ ಗಟ್ಟಿ ಇವೆ. ಇನ್ನುಳಿದಿದ್ದು ಥ್ರಾಟಲ್ ಶಾಫ್ಟ್ ಸವೆದು ಗಾಳಿ ಎಳೆಯುತ್ತಿರುವುದು, ಅದಕ್ಕೆ ಬುಷ್ ಕಡೆಯಲು ಕೊಟ್ಟಿದ್ದೇನೆ.